ಲಿಫ್ಟ್ ತೂಕಡಿಸುತ್ತಿತ್ತು: ಹಳೇ 1035ರಲ್ಲಿ ಎಣ್ಣೆ ಹುಡುಕಿದ ಕಥೆ

ಭರಣಿ ಮಳೆ ಎರಡು ಸಲ ಚೆನ್ನಾಗಿಯೇ ಬಿದ್ದಿತ್ತು. ಹೆಸರು ಬಿತ್ತಲು ಹೊಲ ಹದವಾಗಿತ್ತು. ಟ್ರಾಕ್ಟರಿಗೆ ಕಲ್ಟಿವೇಟರ್ (ಸಾಲು ಗುಳಗಳ ಉಳುಮೆ ಸಲಕರಣೆ) ಕಟ್ಟಿಕೊಂಡು ಹೋದೆ. ಮೊದಲ ಸಾಲು ಮುಗಿದು ಬದುವಿನ ಹತ್ತಿರ ಲಿಫ್ಟ್ (ಹಿಂದೆ ಕಟ್ಟಿದ ಸಲಕರಣೆಯನ್ನು ಎಣ್ಣೆಯ ಬಲದಲ್ಲಿ ಎತ್ತಿ ಹಿಡಿಯುವ ಆರ್ಮ್, ಅಂದರೆ ತೋಳುಗಳು) ಎತ್ತಿದರೆ ಅದು ನಿಲ್ಲುತ್ತಲೇ ಇಲ್ಲ. ಏಳುತ್ತದೆ, ನಾಲ್ಕು ಬೆರಳು ಇಳಿಯುತ್ತದೆ, ತಟಕ್ಕನೆ ಮತ್ತೆ ಏಳುತ್ತದೆ. ಹರಿಕಥೆಗೆ ಬಂದು ಕೂತು ತೂಕಡಿಸುವ ಅಜ್ಜನ ತಲೆಯ ಹಾಗೆ. ಇಂಜಿನ್ ಆಫ್ ಮಾಡಿ ನೀರು ಕುಡಿದು ಬರುವಷ್ಟರಲ್ಲಿ ಕಲ್ಟಿವೇಟರ್ ನೆಲದ ಮೇಲೆ ಮಲಗಿರುತ್ತಿತ್ತು.

ನಮ್ಮದು ಮ್ಯಾಸ್ಸಿ ಫರ್ಗ್ಯೂಸನ್ 1035. ಅಪ್ಪ 1994ರಲ್ಲಿ ಪಿಎಲ್‌ಡಿ ಬ್ಯಾಂಕಿನ ಸಾಲದಲ್ಲಿ ತಂದದ್ದು. ತಿಪಟೂರು ಸೀಮೆಯ ತೆಂಗಿನ ತೋಟದ ನಡುವೆ ಓಡಾಡಲು ಅದರ ಅಗಲ ಸರಿಯಾಗಿದೆ. ಮೂವತ್ತು ವರ್ಷ ದುಡಿದಿದೆ, ಇಂಜಿನ್ ಒಂದೇ ಸಲ ಬಿಚ್ಚಿಸಿದ್ದೇವೆ. ಹೀಗಾಗಿ ಮುಂದೆ ಹೇಳುವ ತೊಂದರೆಗಳೆಲ್ಲ ವಯಸ್ಸಿನದ್ದು, ಇಲ್ಲಾ ನಮ್ಮ ಸೋಮಾರಿತನದ್ದು.

"ಎಣ್ಣೆ ಕಮ್ಮಿ ಆಗಿರ್ಬೇಕು ಕಣೋ, ಎರಡು ಲೀಟರ್ ಹಾಕು" ಅಂದರು ಚಿಕ್ಕಪ್ಪ.

ಎರಡು ವರ್ಷದಿಂದ ನಾನು ಮಾಡುತ್ತಿದ್ದದ್ದು ಅದನ್ನೇ. ಲಿಫ್ಟ್ ಸ್ವಲ್ಪ ತೊದಲಿದರೆ ಎಣ್ಣೆ. ಕೆಳಗೆ ತೊಟ್ಟಿಕ್ಕಿದ್ದು ಕಂಡರೆ ಎಣ್ಣೆ. ಈ ಸಲ ಹಾಕುವ ಮುಂಚೆ ಎಲ್ಲಿ ಹೋಗುತ್ತಿದೆ ಅಂತ ನೋಡೇ ಬಿಡೋಣ ಅನ್ನಿಸಿತು. ತಮ್ಮನೂ ಬೆಂಗಳೂರಿನಿಂದ ರಜೆಗೆ ಬಂದಿದ್ದ. ಬಿತ್ತನೆಗೆ ಪಕ್ಕದ ಹೊಲದವರ ಟ್ರಾಕ್ಟರ್ ಬಾಡಿಗೆಗೆ ಹೇಳಿ, ನಮ್ಮದನ್ನು ಶೆಡ್ಡಿಗೆ ತಂದೆವು.

ಒಂದೇ ಎಣ್ಣೆ, ಮೂರು ಕೆಲಸ

ಈ ಗಾಡಿಯಲ್ಲಿ ಹೈಡ್ರಾಲಿಕ್‌ಗೆ (ಲಿಫ್ಟ್ ಎತ್ತುವ ಎಣ್ಣೆಯ ಏರ್ಪಾಟಿಗೆ) ಅಂತ ಬೇರೆ ಟ್ಯಾಂಕ್ ಇಲ್ಲ. ಗೇರ್‌ಬಾಕ್ಸ್, ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಕ್ಕೆ ಬಲ ಹಂಚುವ ಗೇರ್), ಹೈಡ್ರಾಲಿಕ್ ಮೂರಕ್ಕೂ ಒಂದೇ ಎಣ್ಣೆ, ಹತ್ತಿರ ಹತ್ತಿರ 30 ಲೀಟರ್. ಪಂಪ್ ಇರುವುದು ಸೀಟಿನ ಕೆಳಗೆ, ಅದೇ ಎಣ್ಣೆಯೊಳಗೆ ಮುಳುಗಿಕೊಂಡು. ಅದನ್ನು ತಿರುಗಿಸುವುದು ಪಿಟಿಓಗೆ (ಹಿಂದೆ ಸಿಕ್ಕಿಸುವ ಯಂತ್ರಗಳಿಗೆ ಇಂಜಿನ್ ಬಲ ಕೊಡುವ ತುದಿಗೆ) ಹೋಗುವ ಶಾಫ್ಟ್. ಕ್ಲಚ್ ಪೂರ್ತಿ ತುಳಿದರೆ ಪಂಪ್ ನಿಂತೇಹೋಗುತ್ತದೆ. ಲಿಫ್ಟ್ ಏಳುತ್ತಿಲ್ಲ ಅಂತ ಗಾಬರಿ ಬೀಳುವ ಹೊಸಬರು ಎಷ್ಟೋ ಸಲ ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಇರುತ್ತಾರೆ.

ಈ ಏರ್ಪಾಟು ಹ್ಯಾರಿ ಫರ್ಗ್ಯೂಸನ್ ಕಾಲದ್ದು. ಆತ ಐರ್ಲೆಂಡಿನ ರೈತನ ಮಗ. ಮೂರು ಕೊಂಡಿಯಲ್ಲಿ ನೇಗಿಲು ಕಟ್ಟಿ ಎಣ್ಣೆಯ ಬಲದಲ್ಲಿ ಎತ್ತುವ ಉಪಾಯವನ್ನು 1930ರ ದಶಕದಲ್ಲಿ ಮಾರಾಟಕ್ಕೆ ತಂದ. 1939ರ ಫೋರ್ಡ್ 9ಎನ್, 1946ರ ಟಿಇ20 ಟ್ರಾಕ್ಟರ್ ಎರಡರಲ್ಲೂ ಅದೇ ಲಿಫ್ಟ್. 1960ರಲ್ಲಿ ಮದ್ರಾಸಿನಲ್ಲಿ ಶುರುವಾದ ಟ್ಯಾಫೆ ಅನ್ನುವ ಟ್ರಾಕ್ಟರ್ ಕಂಪನಿಯ 1035 ಆ ವಂಶದ್ದೇ ಕುಡಿ. ಅದರಲ್ಲಿ ಒಂದು ಜಾಣತನ ಇದೆ. ಬೇರೆ ಪಂಪ್‌ಗಳಲ್ಲಿ ಎಣ್ಣೆ ಹೊರಗೆ ಬಂದ ಮೇಲೆ ವಾಲ್ವ್ ತಡೆಯುತ್ತದೆ. ಇದರಲ್ಲಿ ವಾಲ್ವ್ ಇರುವುದು ಎಣ್ಣೆ ಎಳೆದುಕೊಳ್ಳುವ ಬಾಯಿಯಲ್ಲಿ. ಲಿಫ್ಟ್ ಬೇಕಾದ ಎತ್ತರಕ್ಕೆ ಬಂದ ಕೂಡಲೇ ಆ ಬಾಯಿ ಮುಚ್ಚುತ್ತದೆ. ಪಂಪ್ ತಿರುಗುತ್ತಲೇ ಇರುತ್ತದೆ, ಆದರೆ ಎಳೆಯಲು ಎಣ್ಣೆ ಇರುವುದಿಲ್ಲ. ಸುಮ್ನೆ ಬಿಸಿಯೂ ಆಗುವುದಿಲ್ಲ.

ತೂಕಡಿಕೆ ಯಾಕೆ ಅಂತ ಇಲ್ಲೇ ಗೊತ್ತಾಗುತ್ತದೆ. ಎತ್ತಿದ ಎಣ್ಣೆ ಒಳಗೆಲ್ಲೋ ಸೋರಿ ಲಿಫ್ಟ್ ಕೊಂಚ ಇಳಿಯಿತು ಅಂತಿಟ್ಟುಕೊಳ್ಳಿ. ಆರ್ಮ್ ಇಳಿದದ್ದು ಒಳಗಿನ ಲಿವರ್‌ಗೆ ತಿಳಿಯುತ್ತದೆ. ಅದು ವಾಲ್ವ್ ತೆಗೆಯುತ್ತದೆ, ಪಂಪ್ ಮತ್ತೆ ಎತ್ತುತ್ತದೆ. ಎಷ್ಟು ಬೇಗ ಬೇಗ ತೂಕಡಿಸುತ್ತದೋ ಸೋರಿಕೆ ಅಷ್ಟು ಜಾಸ್ತಿ. ನಮ್ಮದು ನಾಲ್ಕೈದು ಸೆಕೆಂಡಿಗೊಂದು ಸಲ.

ಇನ್ನೊಂದು ಮಾತು ನನಗೆ ಹೊಳೆದದ್ದು ತಡವಾಗಿ. ಒತ್ತಡದ ಭಾಗವೆಲ್ಲ ಎಣ್ಣೆಯ ಮನೆಯೊಳಗೇ ಇದೆ. ಪಂಪ್, ಅಲ್ಲಿಂದ ಮೇಲಕ್ಕೆ ಹೋಗುವ ಸ್ಟ್ಯಾಂಡ್ ಪೈಪ್, ಸಿಲಿಂಡರ್. ಅಲ್ಲಿ ಸೋರಿದರೆ ಎಣ್ಣೆ ವಾಪಸ್ ಅದೇ ಮನೆಗೆ ಬೀಳುತ್ತದೆ. ಹೊರಗೆ ಒಂದು ಹನಿಯೂ ಕಾಣಿಸುವುದಿಲ್ಲ, ಎಣ್ಣೆ ನೋಡುವ ಕಡ್ಡಿಯಲ್ಲಿ, ಅಂದರೆ ಡಿಪ್‌ಸ್ಟಿಕ್‌ನಲ್ಲಿ, ಅಳತೆಯೂ ಇಳಿಯುವುದಿಲ್ಲ. ಹೊರಗೆ ತೊಟ್ಟಿಕ್ಕುವುದು ಒತ್ತಡ ಇಲ್ಲದ ಸಾದಾ ಎಣ್ಣೆ. ಪಂಪ್ ಗಾಳಿ ಎಳೆಯುವಷ್ಟು ಎಣ್ಣೆ ಖಾಲಿಯಾಗುವ ತನಕ ಅದರಿಂದ ಲಿಫ್ಟ್‌ಗೆ ಏನೂ ಆಗುವುದಿಲ್ಲ. ನಾನು ಹೊರಗಿನ ಜಿನುಗು ನೋಡಿ ಎಣ್ಣೆ ಹಾಕುತ್ತಿದ್ದೆ, ಒಳಗಿನ ಕಾಯಿಲೆ ಅದರ ಪಾಡಿಗೆ ಬೆಳೆಯುತ್ತಿತ್ತು.

ಮೊದಲ ದಿನ: ಕಡ್ಡಿ ಹೇಳಿದ ಸುಳ್ಳು

ಡಿಪ್‌ಸ್ಟಿಕ್ ಸೀಟಿನ ಕೆಳಗಡೆ, ಹೌಸಿಂಗಿನ (ಆ ಎಣ್ಣೆಯ ಮನೆಯ) ಪಕ್ಕದ ಕವರ್‌ನಲ್ಲಿದೆ. ತೆಗೆಯುವ ಮುಂಚೆ ಅದರ ಸುತ್ತ ಕೂತಿದ್ದ ಮಣ್ಣನ್ನು ಬ್ರಷ್‌ನಿಂದ ಉಜ್ಜಿದೆ. ಇಲ್ಲದಿದ್ದರೆ ಆ ಮಣ್ಣು ನೇರ ಒಳಗೇ ಬೀಳುತ್ತದೆ.

ಶೆಡ್ಡಿನಲ್ಲಿ ನೋಡಿದಾಗ ಎಣ್ಣೆ ಮೇಲಿನ ಗೆರೆಯಿಂದ ಒಂದು ಬೆರಳು ಕೆಳಗಿತ್ತು. ಆದರೆ ನಮ್ಮ ಶೆಡ್ಡಿನ ನೆಲ ಒಂದು ಕಡೆ ಇಳಿಜಾರು, ಮಳೆನೀರು ಹೋಗಲಿ ಅಂತ ಅಪ್ಪನೇ ಹಾಗೆ ಮಾಡಿಸಿದ್ದು. ಗಾಡಿಯನ್ನು ಕಣಕ್ಕೆ ತಂದು ನಿಲ್ಲಿಸಿದೆ. ಅಲ್ಲಿ ನೆಲ ಸಮ. ಕಲ್ಟಿವೇಟರ್ ಇಳಿಸಿ, ಇಂಜಿನ್ ಆಫ್ ಮಾಡಿ, ಕಾಲು ಗಂಟೆ ಬಿಟ್ಟೆ. ಕಡ್ಡಿ ಒರೆಸಿ, ಪೂರ್ತಿ ಇಳಿಸಿ, ತೆಗೆದೆ. ಎಣ್ಣೆ ಮೇಲಿನ ಗೆರೆ ದಾಟಿ ಒಂದೂವರೆ ಬೆರಳು ಮೇಲೆ!

ಅಂದರೆ ಎರಡು ವರ್ಷದಿಂದ ನಾನು ಇಳಿಜಾರಿನಲ್ಲಿ ನೋಡಿ ನೋಡಿ ಜಾಸ್ತಿ ತುಂಬಿಸಿದ್ದೆ. ಜಾಸ್ತಿ ಇದ್ದರೇನು ನಷ್ಟ ಅಂತ ನೀವು ಕೇಳಬಹುದು, ನಾನೂ ಹಾಗೇ ಅಂದುಕೊಂಡಿದ್ದೆ. ಅದರ ಬೆಲೆ ಮುಂದೆ ಬರುತ್ತದೆ.

ಅಳತೆ ನೋಡುವಾಗ ಲಿಫ್ಟ್ ಕೆಳಗಿರಬೇಕು. ಲಿಫ್ಟ್‌ನ ಸಿಲಿಂಡರಿನಲ್ಲಿ ನಿಲ್ಲುವ ಎಣ್ಣೆ ಕಮ್ಮಿಯೇ, ಆದರೆ ಟಿಪ್ಪಿಂಗ್ ಟ್ರೈಲರ್ ಸಿಕ್ಕಿಸಿದ್ದರೆ ಅದರ ಜಾಕ್ ಲೀಟರ್‌ಗಟ್ಟಲೆ ಎಳೆದುಕೊಂಡಿರುತ್ತದೆ. ಟ್ರೈಲರ್ ಎತ್ತಿದಾಗ ನೋಡಿ ತುಂಬಿಸಿದರೆ ಇಳಿಸಿದಾಗ ಉಕ್ಕುತ್ತದೆ.

ಅಳತೆಗಿಂತ ನನ್ನನ್ನು ಹೆದರಿಸಿದ್ದು ಬಣ್ಣ. ಕಡ್ಡಿಯ ತುದಿಯಲ್ಲಿ ಹಾಲು ಜಾಸ್ತಿಯಾದ ಟೀ ಬಣ್ಣದ ಎಣ್ಣೆ. ಬೆರಳಲ್ಲಿ ಉಜ್ಜಿದರೆ ಜಾರುವ ಬದಲು ಬೆಣ್ಣೆ ಥರ ಮೆತ್ತಿಕೊಳ್ಳುತ್ತಿತ್ತು. ನೀರು ಸೇರಿದೆ. ಖಾತ್ರಿ ಮಾಡಿಕೊಳ್ಳಲು ಹಳೇ ರೊಟ್ಟಿ ಹೆಂಚನ್ನು ಅಂಗಳದ ಒಲೆಯ ಮೇಲಿಟ್ಟು ಕಾಯಿಸಿ, ದೂರ ನಿಂತು ಕಡ್ಡಿಯಿಂದ ಎರಡೇ ಹನಿ ಬಿಟ್ಟೆ. ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಚಟಪಟ ಅಂದಿತು. ನೀರಿಲ್ಲದ ಎಣ್ಣೆಯಾದರೆ ಸದ್ದಿಲ್ಲದೆ ಹರಡಿ ಹೊಗೆಯಾಡುತ್ತದೆ. ಅಮ್ಮ ಒಳಗಿಂದ ಬಂದು ಹೆಂಚು ನೋಡಿ ಏನೂ ಮಾತಾಡಲಿಲ್ಲ. ಆ ಹೆಂಚು ಈಗ ನನ್ನದು.

ನೀರು ಹೋದ ದಾರಿ ಹುಡುಕಲು ಕಷ್ಟಪಡಬೇಕಾಗಲಿಲ್ಲ. ಗೇರ್ ಲಿವರ್ ಬುಡದ ರಬ್ಬರ್ ಟೋಪಿ ಹರಿದು ಬಾಯಿ ಬಿಟ್ಟಿತ್ತು. ಹಿಂದಿನ ಮಳೆಗಾಲ ಪೂರ್ತಿ ಗಾಡಿ ತೆಂಗಿನ ಮರದ ಕೆಳಗೇ ನಿಂತಿತ್ತು. ಆ ರಬ್ಬರಿನ ಬೆಲೆ ಒಂದು ಎಳನೀರಿನಷ್ಟೂ ಇಲ್ಲ.

ರಟ್ಟಿನ ಮೇಲೆ ನಕ್ಷೆ

ರಾತ್ರಿ ಫ್ರಿಜ್ ಬಂದಿದ್ದ ದೊಡ್ಡ ರಟ್ಟಿನ ಡಬ್ಬ ಬಿಚ್ಚಿ ಗಾಡಿಯ ಕೆಳಗೆ ಹಾಸಿದೆವು. ನಾಲ್ಕು ಚಕ್ರದ ಜಾಗವನ್ನು ಇದ್ದಿಲಲ್ಲಿ ಗುರುತು ಮಾಡಿದ ತಮ್ಮ. ಬೆಳಿಗ್ಗೆ ನೋಡಿದರೆ ಮೂರು ಕಡೆ ಕಲೆ. ಒಂದು ನಡುವಿನ ಹೌಸಿಂಗ್ ಕೆಳಗೆ, ದೋಸೆಯಷ್ಟು ಅಗಲ. ಇನ್ನೊಂದು ಎಡ ಹಿಂದಿನ ಚಕ್ರದ ಒಳಬದಿ, ಚಿಕ್ಕದು. ಮೂರನೆಯದು ಇಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಕಡೆ, ಮೂರೇ ಹನಿ, ಕಪ್ಪು.

ಬೇರೆಯವರು ಇದನ್ನು ಸಮಯ ಹಾಳು ಅನ್ನಬಹುದು. ನನ್ನ ಪ್ರಕಾರ ಇಡೀ ಕೆಲಸದಲ್ಲಿ ದುಡ್ಡು ಉಳಿಸಿದ್ದೇ ಈ ರಟ್ಟು. ಹನಿಯ ಜಾಗ ಒಂದು ಸುಳಿವಾದರೆ ಬಣ್ಣ ಇನ್ನೊಂದು. ಕಪ್ಪು ಹನಿ ಇಂಜಿನ್ ಆಯಿಲ್, ಕ್ರ್ಯಾಂಕ್ ಶಾಫ್ಟಿನ ಹಿಂದಿನ ಸೀಲಿನದು. ಅದು ಕ್ಲಚ್ ಮನೆಯ ಅಡಿಯ ತೂತಿನಿಂದ ಬೀಳುತ್ತದೆ. ಆ ತೂತಿನಲ್ಲಿ ಒಂದು ಸ್ಪ್ಲಿಟ್ ಪಿನ್ ನೇತಾಡುತ್ತಿರುತ್ತದೆ. ಯಾರೋ ಹೊಡೆಯಲು ಮರೆತ ಪಿನ್ ಅಂತ ಬಗ್ಗಿಸಿ ಬಿಗಿ ಮಾಡಬೇಡಿ. ಗಾಡಿ ಅದುರಿದಾಗ ಅದು ಅಲುಗಾಡಿ ತೂತು ಕಟ್ಟದ ಹಾಗೆ ನೋಡಿಕೊಳ್ಳುತ್ತದೆ. ತೂತು ಕಟ್ಟಿದರೆ ಎಣ್ಣೆ ಕ್ಲಚ್ ಪ್ಲೇಟಿಗೆ ಹೋಗುತ್ತದೆ.

ನಡುವಿನ ದೊಡ್ಡ ಕಲೆ ನೋಡಿ ಡ್ರೈನ್ ಪ್ಲಗ್ (ಎಣ್ಣೆ ಇಳಿಸುವ ಬಿರಡೆ) ವಾಷರ್ ಹೋಗಿದೆ ಅಂದುಕೊಂಡೆ. ಪ್ಲಗ್ ಸುತ್ತ ಎಲ್ಲಾ ಒದ್ದೆ ಇತ್ತಲ್ಲ. ಆದರೆ ಎಣ್ಣೆ ಕೆಳಗೆ ಹರಿಯುತ್ತದೆ, ಜೊತೆಗೆ ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೂ ಹೋಗುತ್ತದೆ. ಒದ್ದೆ ಇರುವ ಜಾಗ ಸೋರುವ ಜಾಗ ಆಗಿರಬೇಕಿಲ್ಲ. ಮೂವತ್ತು ವರ್ಷದ ಮಣ್ಣು ಎಣ್ಣೆ ಸೇರಿ ಬೆಲ್ಲದ ಅಚ್ಚಿನ ಹಾಗೆ ಗಟ್ಟಿಯಾಗಿತ್ತು. ಅದನ್ನು ಮೊದಲು ಮರದ ತುಂಡಿನಲ್ಲಿ ಕೆರೆದೆವು. ಆಮೇಲೆ ಡೀಸೆಲ್ ಬ್ರಷ್, ಆಮೇಲೆ ಸೋಪಿನ ನೀರು. ಒಣಗಿದ ಮೇಲೆ ಅನುಮಾನ ಇದ್ದ ಕಡೆಗೆಲ್ಲ ಮುಖದ ಪೌಡರ್ ಎರಚಿದೆವು.

"ಅದಕ್ಕೂ ವಿಭೂತಿನೇನೋ?" ಅಂದರು ಅಮ್ಮ.

ಅರ್ಧ ಗಂಟೆ ಲಿಫ್ಟ್ ಎತ್ತಿ ಇಳಿಸಿ ಮಾಡಿದೆ. ಬಿಳೀ ಪೌಡರ್ ಮೇಲೆ ಕಂದು ಗೆರೆ ಎಳೆದ ಹಾಗೆ ಇಳಿದು ಬಂತು. ಅದು ಶುರುವಾದದ್ದು ಪ್ಲಗ್‌ನಲ್ಲಲ್ಲ, ಎರಡು ಅಡಿ ಮೇಲೆ, ಬಲಗಡೆಯ ಲಿಫ್ಟ್ ಆರ್ಮ್ ಬುಡದಲ್ಲಿ. ಆರ್ಮ್ ಕೂರುವ ಅಡ್ಡ ಶಾಫ್ಟಿನ ತುದಿಯ ಓ ರಿಂಗ್ (ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆ) ಸತ್ತಿತ್ತು. ಡ್ರೈನ್ ಪ್ಲಗ್ ಪಾಪ ನಿರಪರಾಧಿ. ನಾನು ಅದನ್ನು ಹೋದ ವರ್ಷ ಅಷ್ಟುದ್ದ ಸ್ಪ್ಯಾನರಿಗೆ ಪೈಪ್ ಹಾಕಿ ಬಿಗಿ ಮಾಡಿದ್ದೆ.

ಇಲ್ಲೊಂದು ಎಚ್ಚರಿಕೆ. ನಾವು ಹೀಗೆ ಧೈರ್ಯವಾಗಿ ಹತ್ತಿರ ಹೋಗಿ ನೋಡಿದ್ದು ಒತ್ತಡ ಇಲ್ಲದ ಜಾಗವನ್ನು. ಟಿಪ್ಪಿಂಗ್ ಟ್ರೈಲರಿನ ಹೋಸ್ ವಿಷಯ ಬೇರೆ. ಅದರೊಳಗೆ 2000 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್) ಮೀರಿದ ಒತ್ತಡ ಇರುತ್ತದೆ. ಸೂಜಿ ಮೊನೆಯಷ್ಟು ತೂತಿನಿಂದ ಬರುವ ಎಣ್ಣೆ ಕಣ್ಣಿಗೆ ಕಾಣಿಸುವುದಿಲ್ಲ, ಚರ್ಮ ಸೀಳಿ ಒಳಗೆ ಹೋಗುತ್ತದೆ. ಮೇಲೆ ಚುಚ್ಚಿದ ಗುರುತು ಮಾತ್ರ ಇರುತ್ತದೆ, ಒಳಗೆ ಮಾಂಸ ಕೊಳೆಯುತ್ತದೆ. ಹಾಗಾದರೆ ನೋವಿಲ್ಲದಿದ್ದರೂ ತಕ್ಷಣ ದೊಡ್ಡ ಆಸ್ಪತ್ರೆಗೆ ಓಡಬೇಕು, ಎಣ್ಣೆ ಒಳಗೆ ಹೋಗಿದೆ ಅಂತಲೇ ಹೇಳಬೇಕು. ಹೋಸ್ ಮೇಲೆ ಬೆರಳಾಡಿಸಿ ಸೋರಿಕೆ ಹುಡುಕುವ ಅಭ್ಯಾಸ ನಮ್ಮೂರಲ್ಲಿ ಸುಮಾರು ಜನಕ್ಕಿದೆ. ರಟ್ಟಿನ ಚೂರು ಹಿಡಿದು ನೋಡಿ, ಕೈ ಬೇಡ.

ಎರಡನೇ ದಿನ: ಒಳಗಿನ ಸೋರಿಕೆ

ಹೊರಗಿನದು ಸಿಕ್ಕಿತು. ಆದರೆ ಲಿಫ್ಟ್ ಇಳಿಯುವುದಕ್ಕೂ ಅದಕ್ಕೂ ಸಂಬಂಧ ಇಲ್ಲವಲ್ಲ. ಮೊದಲು ಇಳಿತ ಎಷ್ಟು ಅಂತ ಅಳೆದೆವು. ಕಲ್ಟಿವೇಟರ್ ಪೂರ್ತಿ ಎತ್ತಿ, ಕೆಳಗಿನ ಲಿಂಕ್ ತುದಿಯಿಂದ ನೆಲಕ್ಕೆ ಟೇಪ್ ಹಿಡಿದೆ. 71 ಸೆಂಟಿಮೀಟರ್. ಇಂಜಿನ್ ಆಫ್. ಹತ್ತು ನಿಮಿಷ ಬಿಟ್ಟು ನೋಡಿದರೆ 38. ಗುಳಗಳ ಕೆಳಗೆ ಮರದ ದಿಮ್ಮಿ ಇಟ್ಟಿದ್ದೆವು, ಅಲ್ಲೇ ಬಂದು ಕೂತಿತು. ಎತ್ತಿದ ಭಾರದ ಕೆಳಗೆ ತಲೆ ಹಾಕುವುದಿದ್ದರೆ ದಿಮ್ಮಿ ಇಲ್ಲದೆ ಹಾಕಬೇಡಿ. ಎಣ್ಣೆಯನ್ನು ನಂಬಿ ಮಲಗಬಾರದು.

ಎಣ್ಣೆ ಹೇಗೂ ಬದಲಿಸಬೇಕಿತ್ತು. ಆದರೆ ಪೂರ್ತಿ ಖಾಲಿ ಮಾಡಲಿಲ್ಲ. ಪಕ್ಕದ ಕವರಿನ ಬಾಯಿಗಿಂತ ಕೆಳಗಿಳಿಯುವಷ್ಟು ಮಾತ್ರ ಇಳಿಸಿದೆವು. ರಾತ್ರಿಯೆಲ್ಲ ಅಲ್ಲಾಡದೆ ನಿಂತಿದ್ದರಿಂದ ಪ್ಲಗ್ ಸಡಿಲಿಸಿದ ಕೂಡಲೇ ಮೊದಲು ಬಂದದ್ದು ನೀರು. ಅರ್ಧ ಲೋಟದಷ್ಟು, ಕೆಸರು ಬಣ್ಣದ್ದು. ಆಮೇಲೆ ಆ ಹಾಲು ಟೀ.

ಪಕ್ಕದ ಕವರ್ ಬಿಚ್ಚಿದರೆ ಒಳಗೆ ಪಂಪ್, ಅದರ ಮೇಲೆ ನಿಂತ ಸ್ಟ್ಯಾಂಡ್ ಪೈಪ್, ಹಿಂದೆ ಸಿಲಿಂಡರ್ ಎಲ್ಲಾ ಟಾರ್ಚ್ ಬೆಳಕಿಗೆ ಕಾಣುತ್ತದೆ. ತಮ್ಮ ಸೀಟಿನಲ್ಲಿ ಕೂತ. ಗೇರ್ ನ್ಯೂಟ್ರಲ್, ಹಿಂದುಗಡೆ ಯಾರೂ ಇಲ್ಲ. ಇಂಜಿನ್ ಐಡಲಿಂಗ್‌ನಲ್ಲಿ ಲಿಫ್ಟ್ ಎತ್ತಿ ತಕ್ಷಣ ಆಫ್ ಮಾಡಿದ. ನಾನು ಕೈ ಹಿಂದೆ ಕಟ್ಟಿಕೊಂಡು ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದೆ, ನನ್ನ ಕೈಯ ಮೇಲೆ ನನಗೇ ನಂಬಿಕೆ ಇರಲಿಲ್ಲ.

ಹೆಚ್ಚು ಹೊತ್ತು ಕಾಯಬೇಕಾಗಲಿಲ್ಲ. ಸಿಲಿಂಡರಿನ ಬಾಯಿಯಲ್ಲಿ ಪಿಸ್ಟನ್ ಸುತ್ತ ಸಣ್ಣ ಬೆವರು, ಅಷ್ಟೇ. ಸ್ಟ್ಯಾಂಡ್ ಪೈಪ್ ಪಂಪಿಗೆ ಕೂರುವ ಬುಡದಲ್ಲಿ ಮಾತ್ರ ಎಣ್ಣೆ ಬುಳುಬುಳು ಅಂತ ಉಕ್ಕುತ್ತಿತ್ತು. ಒಂದು ಕಡೆಯಿಂದ ತೆಳ್ಳಗೆ ಬೀಸಣಿಗೆ ಥರ ಹರಡಿಕೊಂಡು. ಮೇಲೆ ಕಲ್ಟಿವೇಟರ್ ಇಳಿಯುತ್ತಾ ಬಂದ ಹಾಗೆ ಆ ಬೀಸಣಿಗೆಯೂ ಬಾಡುತ್ತಾ ಬಂತು.

ತಮ್ಮನನ್ನು ಕರೆದು ತೋರಿಸಿದೆ. "ಇಷ್ಟೇನಾ?" ಅಂದ.

ಇಷ್ಟೇ. ಒಬ್ಬ ಮೆಕ್ಯಾನಿಕ್ ಹೋದ ವರ್ಷ ಪಂಪ್ ಪೂರ್ತಿ ಬದಲಿಸಬೇಕು ಅಂದಿದ್ದ. ಪಿಸ್ಟನ್ ರಿಂಗು ಹೋಗಿದ್ದರೆ ಸೀಟು, ಆರ್ಮು, ಲಿಫ್ಟ್ ಕವರ್ ಎಲ್ಲಾ ಬಿಚ್ಚಿ ಚೈನ್ ಪುಲ್ಲಿಯಲ್ಲಿ ಎತ್ತಬೇಕಿತ್ತು. ಸ್ಟ್ಯಾಂಡ್ ಪೈಪಿಗೆ ಆ ರಾಮಾಯಣ ಬೇಡ. ಕಲ್ಟಿವೇಟರ್ ನೆಲಕ್ಕಿಳಿಸಿ, ಲಿವರ್ ಕೆಳಗೆ ತಳ್ಳಿ ಒತ್ತಡ ಸೊನ್ನೆ ಮಾಡಿಕೊಂಡೆವು. ಲಿಫ್ಟ್ ಕವರಿನ ಮೇಲಿರುವ ಟ್ರಾನ್ಸ್‌ಫರ್ ಕ್ಯಾಪ್ ಬೋಲ್ಟ್ ಬಿಚ್ಚಿದರೆ ಪೈಪ್ ಮೇಲಿಂದಲೇ ಕೈಗೆ ಬರುತ್ತದೆ. ನಮ್ಮದು ಬರುವುದಕ್ಕೆ ಸ್ವಲ್ಪ ಹಟ ಮಾಡಿತು. ತಿರುಗಿಸಿ ತಿರುಗಿಸಿ ಎಳೆದೆ, ಸುತ್ತಿಗೆ ಮುಟ್ಟಿಸಲಿಲ್ಲ.

ಬುಡದ ಓ ರಿಂಗ್ ಈಗಲೂ ನನ್ನ ಮೇಜಿನ ಮೇಲಿದೆ. ರಬ್ಬರ್ ಅನ್ನುವ ಗುಣವೇ ಉಳಿದಿಲ್ಲ. ಗುಂಡಗಿರಬೇಕಾದ ಮೈ ಒಂದು ಕಡೆ ಚಪ್ಪಟೆ, ಒಂದು ಕಡೆ ಕಚ್ಚಿದ ಹಾಗೆ ಚೂರು ಹೋಗಿದೆ. ಬಗ್ಗಿಸಿದರೆ ಗಾಜಿನ ಬಳೆ ಥರ ಪಟ್ ಅಂತ ಮುರಿಯಿತು. ಇಷ್ಟು ದೊಡ್ಡ ಕಲ್ಟಿವೇಟರನ್ನು ಹಿಡಿದು ನಿಲ್ಲಿಸುತ್ತಿದ್ದದ್ದು ಇದು.

ಸ್ಪೇರ್ ಅಂಗಡಿಯಲ್ಲಿ ಹಳೇ ಚೂರು ತೋರಿಸಿ, ಪೈಪನ್ನೂ ಕೊಟ್ಟು ಅಳತೆ ನೋಡಿಸಿ ತಂದೆ. ಅಡ್ಡ ಶಾಫ್ಟಿಗೆ ಎರಡು, ಸ್ಟ್ಯಾಂಡ್ ಪೈಪಿಗೆ ಸೆಟ್, ಗೇರ್ ಲಿವರ್ ರಬ್ಬರ್, ಕವರಿಗೆ ಪ್ಯಾಕಿಂಗ್. ಎಲ್ಲಾ ಸೇರಿ ಐನೂರು ರೂಪಾಯಿ ದಾಟಲಿಲ್ಲ. ನೈಟ್ರೈಲ್ ರಬ್ಬರಿನದು ಅಂತ ಕೇಳಿಯೇ ತನ್ನಿ. ನೀರಿನ ಪೈಪಿಗೆ ಹಾಕುವ ಸಾದಾ ರಬ್ಬರ್ ರಿಂಗ್ ಎಣ್ಣೆಯಲ್ಲಿ ನೆನೆದು ಉಬ್ಬುತ್ತದೆ.

ರಿಂಗಿಗೆ ಎಣ್ಣೆ ಸವರಿ, ಪೈಪನ್ನು ನೇರ ಹಿಡಿದು ಒತ್ತಿದೆ. ಗೊಣಗಿಕೊಂಡು ಇಳಿದು, ಕೊನೆಗೆ ಪುಳಕ್ಕನೆ ಕೂತಿತು. ಆ ಸದ್ದು ಬರದಿದ್ದರೆ ರಿಂಗ್ ಮಡಚಿಕೊಂಡಿದೆ ಅಂತಲೇ ಲೆಕ್ಕ, ತೆಗೆದು ಮತ್ತೆ ನೋಡಬೇಕು.

ಅಡ್ಡ ಶಾಫ್ಟಿನದು ಇನ್ನೂ ಸುಲಭ. ಆರ್ಮ್ ಎಳೆಯುವ ಮುಂಚೆ ಶಾಫ್ಟಿಗೂ ಆರ್ಮಿಗೂ ಒಂದೇ ಗೆರೆಯಲ್ಲಿ ಸೆಂಟರ್ ಪಂಚ್ ಹೊಡೆದುಕೊಂಡೆ. ಒಂದು ಹಲ್ಲು ತಪ್ಪಿ ಕೂತರೆ ಎರಡು ಆರ್ಮ್ ಎರಡು ಎತ್ತರದಲ್ಲಿರುತ್ತವೆ. ವಾಪಸ್ ಹಾಕುವಾಗ ತುದಿಯ ಬೋಲ್ಟ್ ಮೈಮರೆತು ಬಿಗಿ ಮಾಡಬಾರದು. ಆರ್ಮ್ ತನ್ನ ಭಾರಕ್ಕೆ ತಾನೇ ಇಳಿಯಬೇಕು.

ಎಡ ಚಕ್ರದ ಚಿಕ್ಕ ಕಲೆ

ಇದೇ ನಾನು ಮುಂದೂಡುತ್ತಿದ್ದ ಭಾಗ. ಎಣ್ಣೆ ಅಳತೆ ಮೀರಿದರೆ, ಗಾಡಿ ಒಂದು ಕಡೆ ವಾಲಿ ನಿಂತರೆ, ಅದು ಆಕ್ಸಲ್ ಹೌಸಿಂಗ್ ಒಳಗೆ ಹರಿದು ಚಕ್ರದ ತುದಿಗೆ ಹೋಗಿ ನಿಲ್ಲುತ್ತದೆ. ಅಲ್ಲಿ ಒಂದು ಸೀಲ್. ಅದು ಹಳೆಯದಾದರೆ ಎಣ್ಣೆ ಹೋಗುವುದು ನೇರ ಬ್ರೇಕ್ ಡ್ರಮ್ಮಿಗೆ. ನಮ್ಮ ಶೆಡ್ಡು ವಾಲಿರುವುದು ಎಡಕ್ಕೆ. ಹೋದ ಸಂಕ್ರಾಂತಿ ಹೊತ್ತಿಗೆ ಟ್ರೈಲರ್ ತುಂಬ ಕಾಯಿ ಹೇರಿಕೊಂಡು ಬರುವಾಗ ಬ್ರೇಕ್ ಒತ್ತಿದರೆ ಗಾಡಿ ಬಲಕ್ಕೆ ಎಳೆದು ಕಾಲುವೆಯ ಅಂಚಿಗೆ ಹೋಗಿ ನಿಂತಿತ್ತು. ಬ್ರೇಕ್ ಅಡ್ಜಸ್ಟ್ ತಪ್ಪಿದೆ ಅಂತ ರಾಡ್ ತಿರುಗಿಸಿ ಸುಮ್ಮನಾಗಿದ್ದೆ. ಈಗ ಡ್ರಮ್ ಬಿಚ್ಚಿಸಿ ನೋಡಿದರೆ ಶೂ ಎಣ್ಣೆಯಲ್ಲಿ ಅದ್ದಿ ತೆಗೆದ ಹಾಗಿತ್ತು.

ನನ್ನ ಎರಡು ಲೀಟರ್, ಎರಡು ಲೀಟರ್ ಅಲ್ಲಿಗೆ ಹೋಗಿತ್ತು.

ಆಕ್ಸಲ್ ಎಳೆದು ಸೀಲ್ ಹಾಕುವುದು ನಮ್ಮಿಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಊರಿನ ಹಳೇ ಮೇಸ್ತ್ರಿಯವರನ್ನು ಕರೆಸಿದೆವು. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಹಾಕಲೇ ಅಂತ ಕೇಳಿದೆ. "ಹಾಕಬಹುದು, ಒಂದು ವಾರ ಚೆನ್ನಾಗಿರತ್ತೆ. ಬಿಸಿ ಆದಾಗ ಒಳಗಿಂದ ಮತ್ತೆ ಬೆವರತ್ತೆ. ಹೊಸದು ಹಾಕಿಸಿ ಅಣ್ಣ" ಅಂದರು. ಎರಡೂ ಕಡೆಗೆ ಹೊಸದು ಹಾಕಿಸಿದೆ. ಒಂದೇ ಕಡೆ ಬದಲಿಸಿದರೆ ಮತ್ತೆ ಎಳೆದಾಟ ಅಲ್ವಾ.

ಯಾವ ಎಣ್ಣೆ, ಎಷ್ಟು

ಉಳಿದ ಎಣ್ಣೆಯನ್ನು ಎಲ್ಲಾ ಪ್ಲಗ್ ತೆಗೆದು ಇಳಿಸಿದೆವು. ಇದರಲ್ಲಿ ಪ್ಲಗ್ ಒಂದಕ್ಕಿಂತ ಜಾಸ್ತಿ ಇವೆ, ಒಂದೇ ತೆಗೆದರೆ ಗೇರ್‌ಬಾಕ್ಸ್ ಕಡೆಯದು ಅಲ್ಲೇ ಉಳಿಯುತ್ತದೆ. ಡೀಸೆಲ್ ತುಂಬಿ ಇಂಜಿನ್ ಓಡಿಸಿ ತೊಳೆಯಿರಿ ಅಂತ ಒಬ್ಬರು ಹೇಳಿದರು. ನನಗೆ ಧೈರ್ಯ ಬರಲಿಲ್ಲ. ಪಂಪಿನ ಪಿಸ್ಟನ್‌ಗಳು ಸವೆಯದೆ ಇರುವುದೇ ಆ ಎಣ್ಣೆಯ ಜಿಡ್ಡಿನಿಂದ, ಡೀಸೆಲ್‌ಗೆ ಅಷ್ಟು ಜಿಡ್ಡಿಲ್ಲ. ಎರಡು ಲೀಟರ್ ಡೀಸೆಲ್ ಮೇಲಿಂದ ಸುರಿದು ಹಾಗೇ ಇಳಿಯಲು ಬಿಟ್ಟೆ. ಇಂಜಿನ್ ಮುಟ್ಟಲಿಲ್ಲ. ರಾತ್ರಿಯಿಡೀ ಪ್ಲಗ್ ತೆರೆದೇ ಇತ್ತು.

ಅಂಗಡಿಯಲ್ಲಿ ಹೈಡ್ರಾಲಿಕ್ ಆಯಿಲ್ ಕೊಡಿ ಅಂದರೆ 68 ನಂಬರ್ ತೆಗೆದು ಕೊಡುತ್ತಾರೆ. ಅದು ಜೆಸಿಬಿ ಥರದ, ಹೈಡ್ರಾಲಿಕ್‌ಗೇ ಬೇರೆ ಟ್ಯಾಂಕ್ ಇರುವ ಮೆಷಿನ್‌ಗೆ ಸರಿ. ಗೇರ್ ಹಲ್ಲನ್ನು ಕಾಪಾಡುವ ಗುಣ ಅದರಲ್ಲಿ ಸಾಲದು. ಬರೀ 90 ಗೇರ್ ಆಯಿಲ್ ಹಾಕಿದರೆ ಗೇರ್‌ಗೆ ಖುಷಿ, ಪಂಪಿಗೆ ಬೆಳಗಿನ ಚಳಿಯಲ್ಲಿ ಎಳೆಯಲು ಕಷ್ಟ. ಇಂಥ ಗಾಡಿಗೆ ಬೇಕಾದದ್ದು ಮೂರೂ ಕೆಲಸ ಮಾಡುವ ಟ್ರಾಕ್ಟರ್ ಟ್ರಾನ್ಸ್‌ಮಿಷನ್ ಆಯಿಲ್, ಡಬ್ಬದ ಮೇಲೆ ಯುಟಿಟಿಓ ಅಂತ ಇರುತ್ತದೆ. ಯಾವ ಗ್ರೇಡ್ ಅನ್ನುವುದನ್ನು ಗಾಡಿ ಜೊತೆ ಬಂದ ಪುಸ್ತಕ ನೋಡಿಯೇ ತನ್ನಿ. ನಮ್ಮ ಪುಸ್ತಕ ಅಪ್ಪನ ಟ್ರಂಕಿನಲ್ಲಿ, ಸಾಲದ ಪತ್ರಗಳ ಕೆಳಗೆ ಇತ್ತು.

ಆಲಿಕೆಗೆ ಹಳೇ ಪಂಚೆಯ ಬಟ್ಟೆ ಕಟ್ಟಿ ಸೋಸಿ ಹಾಕಿದೆವು. 25 ಲೀಟರ್ ಹಾಕಿ ಕಡ್ಡಿ ನೋಡಿದೆ. ಇಂಜಿನ್ ಹಚ್ಚಿ, ಲಿಫ್ಟನ್ನು ಖಾಲಿಯಾಗಿ ಹತ್ತು ಸಲ ಎತ್ತಿ ಇಳಿಸಿ ಗಾಳಿ ಬಿಡಿಸಿದೆ. ಮತ್ತೆ ಕಾಲು ಗಂಟೆ ಬಿಟ್ಟು ನೋಡಿದರೆ ಅಳತೆ ಇಳಿದಿತ್ತು. ಸ್ವಲ್ಪ ಸ್ವಲ್ಪ ಸೇರಿಸಿ ಮೇಲಿನ ಗೆರೆಗೆ ಬರುವಾಗ ಒಟ್ಟು 28 ಲೀಟರ್ ಹೋಗಿತ್ತು. ಎಣ್ಣೆಗೆ ಆರು ಸಾವಿರ ಮೀರಿತು, ಓ ರಿಂಗಿನ ಖರ್ಚು ಅದರ ಮುಂದೆ ಚಿಲ್ಲರೆ.

ಹಳೇ ಎಣ್ಣೆಯನ್ನು ಬೇಲಿಯ ಗೂಟಕ್ಕೆ ಬಳಿಯಲು ಇಬ್ಬರು ಕೇಳಿಕೊಂಡು ಬಂದರು. ನಮ್ಮ ಬೇಲಿ ಬಾವಿಯ ಪಕ್ಕವೇ ಇದೆ, ಅದಕ್ಕೆ ನಾನು ಬಳಿಯಲಿಲ್ಲ. ಕ್ಯಾನಿಗೆ ತುಂಬಿಸಿ ಹಳೇ ಎಣ್ಣೆ ಕೊಳ್ಳುವವರಿಗೆ ಕೊಟ್ಟೆ.

ಮತ್ತೆ ಕಣದಲ್ಲಿ ನಿಲ್ಲಿಸಿ ಅದೇ ಕಲ್ಟಿವೇಟರ್ ಎತ್ತಿದೆವು. 71. ಹತ್ತು ನಿಮಿಷಕ್ಕೆ 69. ಆ ಎರಡು ಸೆಂಟಿಮೀಟರ್ ಪಿಸ್ಟನ್ನಿನ ಬೆವರು. ಇಂಜಿನ್ ಓಡುವಾಗ ತೂಕಡಿಸುವುದು ನಿಂತಿದೆ, ನಿಮಿಷಕ್ಕೊಮ್ಮೆ ಸಣ್ಣದಾಗಿ ಅದುರುತ್ತದೆ ಅಷ್ಟೇ. ಚಿಕ್ಕಪ್ಪ ಟೇಪ್ ಹಿಡಿದು ತಾವೇ ಒಂದು ಸಲ ಅಳೆದು ನೋಡಿದರು.

ಮೊನ್ನೆ ರಾತ್ರಿ ಹೊಸ ರಟ್ಟು ಹಾಸಿದ್ದೆ. ಬೆಳಿಗ್ಗೆ ಒಂದೇ ಜಾಗದಲ್ಲಿ ಕಲೆ: ಮೂರು ಹನಿ, ಕಪ್ಪು. ಆ ಸೀಲ್ ಹಾಕಬೇಕಾದರೆ ಗಾಡಿಯನ್ನು ನಡುವೆ ಎರಡು ಭಾಗ ಮಾಡಬೇಕು. ಕ್ಲಚ್ ಪ್ಲೇಟ್ ಬದಲಿಸುವ ದಿನ ಹೇಗೂ ಬರುತ್ತದೆ, ಅಲ್ಲಿಯ ತನಕ ಆ ಪಿನ್ ಅಲುಗಾಡುತ್ತಿದೆಯಾ ಅಂತ ಬಗ್ಗಿ ನೋಡಿ ಹೊಲಕ್ಕೆ ಹೋಗುತ್ತಿದ್ದೇನೆ.